ಕ್ಯಾರೆಕ್ಟರ್ ಎಂಬ ಕಾಗದ

ಬಹಳ ದಿನ ಮುಚ್ಚಿಟ್ಟ ಮನೆಯಲ್ಲಿ ಎಸಿ ಹಾಕಿದರೆ ಮೊದಲ ಐದು ನಿಮಿಷ ಒಂದು ವಾಸನೆ ಬರುತ್ತದೆ. ಸುಟ್ಟ ಧೂಳು, ಒದ್ದೆ ಗೋಣಿತಟ್ಟು ಎರಡೂ ಸೇರಿದ ವಾಸನೆ. ಮೈಸೂರಿನಲ್ಲಿ ಫ್ಯಾನಿನ ಕೆಳಗೆ ದಿನ ಕಳೆಯುವ ನನಗೆ ಅದು ಮರೆತೇ ಹೋಗಿತ್ತು. ಮೊನ್ನೆ ಯಜಮಾನರ ಯಾವುದೋ ಹಳೆಯ ಕಾಗದಪತ್ರದ ಕೆಲಸಕ್ಕೆಂದು ಮಸ್ಕತ್ತಿಗೆ ಹೋಗಿ, ಅಲ್ ಖುವೈರಿನ ಒಂದು ಫ್ಲಾಟಿನಲ್ಲಿ ನಾಲ್ಕು ದಿನ ಇದ್ದೆವು. ಅವರು ಒಳಗೆ ಬಂದವರೇ ಎಸಿಯ ಗುಂಡಿ ಒತ್ತಿದರು. ನಾನು ಕೈಯಲ್ಲಿದ್ದ ಚೀಲ ಕೆಳಗಿಡದೆಯೇ ಮಂಚದ ಮೇಲೆ ಕುಳಿತುಬಿಟ್ಟೆ. "ಏನಾಯ್ತೇ?" ಎಂದರು. "ಏನಿಲ್ಲ, ಸುಸ್ತು" ಎಂದೆ. ಸುಳ್ಳಲ್ಲ. ಆ ವರ್ಷ ನೆನಪಾದರೆ ಈಗಲೂ ನನಗೆ ಮೊದಲು ಆಗುವುದು ಸುಸ್ತೇ.

ಎಣ್ಣೆಯ ಬೆಲೆ ಬಿದ್ದು ಎರಡನೆಯ ವರ್ಷ ಅದು. ನಾನು ಅಲ್ಲೇ, ಹೆದ್ದಾರಿಗೆ ಮುಖ ಮಾಡಿದ್ದ ಒಂದು ಕಟ್ಟಡದ ಮೂರನೆಯ ಮಹಡಿಯಲ್ಲಿ, ಒಂದು ಕಾಂಟ್ರಾಕ್ಟಿಂಗ್ ಕಂಪನಿಯ ಎಚ್‌ಆರ್ ವಿಭಾಗದಲ್ಲಿದ್ದೆ. ಕಿಟಕಿಯಿಂದ ನೋಡಿದರೆ ಕಾರುಗಳು ಎಂದಿನಷ್ಟೇ ಓಡಾಡುತ್ತಿದ್ದವು, ಏನೂ ಆಗಿಲ್ಲವೆಂದೇ ತೋರುತ್ತಿತ್ತು. ಒಳಗೆ ಮಾತ್ರ ಒಂದೊಂದೇ ಪ್ರಾಜೆಕ್ಟು ನಿಲ್ಲುತ್ತಿತ್ತು. ವಾರಕ್ಕೆ ಇಬ್ಬರು, ಮೂವರು ಹೋಗುತ್ತಿದ್ದರು. ಜನ ಅರ್ಧಕ್ಕರ್ಧ ಕಡಿಮೆಯಾದರೂ ಎಸಿ ಹಿಂದಿನಷ್ಟೇ ಬೀಸುತ್ತಿದ್ದುದರಿಂದ ಆಫೀಸು ವಿಪರೀತ ತಣ್ಣಗಾಗಿತ್ತು. ಹೊರಗೆ ಕಾಲಿಟ್ಟರೆ ಬೆವರು, ಒಳಗೆ ಬಂದರೆ ಸ್ವೆಟರು. ಆ ಸ್ವೆಟರಿನ ತೋಳು ಮಡಚಿಕೊಂಡು ಬೆಳಗಿನಿಂದ ಸಂಜೆಯವರೆಗೆ ಟರ್ಮಿನೇಷನ್ ಲೆಟರ್ ಟೈಪು ಮಾಡುವುದೇ ನನ್ನ ಉದ್ಯೋಗವಾಗಿತ್ತು.

ಅದರ ಬೆನ್ನಿಗೇ ಇನ್ನೊಂದು ಕಾಗದವಿರುತ್ತಿತ್ತು, ಎನ್‌ಒಸಿ. 'ಇವರು ಬೇರೆ ಕಡೆ ಕೆಲಸಕ್ಕೆ ಸೇರಲು ನಮ್ಮ ಅಭ್ಯಂತರವಿಲ್ಲ' ಎಂದು ಹಳೆಯ ಕಂಪನಿ ಬರೆದುಕೊಡುವ ಎರಡು ಸಾಲು. ಆಗಿನ ಕಾನೂನಿನಂತೆ ಅದಿಲ್ಲದೆ ದೇಶ ಬಿಟ್ಟವರಿಗೆ ಎರಡು ವರ್ಷ ಒಮಾನಿನ ಕೆಲಸದ ವೀಸಾ ಸಿಗುತ್ತಿರಲಿಲ್ಲ. ಈಗ ಆ ನಿಯಮ ಹೋಗಿದೆಯಂತೆ. ಆಗ ಕೆಲಸ ಹೋದದ್ದಕ್ಕಿಂತ ಆ ಎರಡು ಸಾಲು ಸಿಗದೆ ಹೋದದ್ದಕ್ಕೆ ಅತ್ತವರನ್ನು ನಾನು ಹೆಚ್ಚು ನೋಡಿದ್ದೇನೆ.

ಇಂಥ ಕೆಲಸದ ನಡುವೆ ನನಗೆ ಐರ್ಲೆಂಡಿನವನ ನೆನಪಾಯಿತು. ಹೆಸರು ಇಲ್ಲಿ ಬೇಡ, ಓದುವ ಕಾಲದಲ್ಲಿ ನಾವು ಅವನನ್ನು ಹಾಗೇ ಕರೆಯುತ್ತಿದ್ದೆವು. ನೂರು ವರ್ಷಕ್ಕೂ ಹಿಂದಿನ ಕಾದಂಬರಿಕಾರ. ಮಾನಸಗಂಗೋತ್ರಿಯಲ್ಲಿ ಎಂಎ ಮುಗಿಸಿದ ಮೇಲೆ ಆರು ವರ್ಷ ಅವನ ಕೃತಿಗಳ ಮೇಲೆ ಸಂಶೋಧನೆ ಮಾಡಿದವಳು ನಾನು, ಅಥವಾ ಮಾಡುತ್ತಿದ್ದೇನೆಂದು ಎಲ್ಲರಿಗೂ ಹೇಳಿಕೊಂಡು ಓಡಾಡಿದವಳು. ಮದುವೆಯಾಯಿತು, ಗಲ್ಫಿಗೆ ಬಂದೆ, ಪ್ರಬಂಧ ಟ್ರಂಕಿನಲ್ಲೇ ಉಳಿಯಿತು. ಅವನೊಂದು ವಿಚಿತ್ರ ಪ್ರಾಣಿ. ಚಿತ್ರಕಾರನಾಗಬೇಕೆಂದು ಪ್ಯಾರಿಸಿಗೆ ಹೋಗಿ, ಕೈ ತಿರುಗದೆ, ಬೇರೆಯವರ ಚಿತ್ರಗಳ ಬಗ್ಗೆ ಬರೆಯತೊಡಗಿದ. ಆಮೇಲೆ ಕಾದಂಬರಿಗೆ ಇಳಿದು ಇದ್ದದ್ದನ್ನು ಇದ್ದಂತೆ ಬರೆದ. ಕುಡುಕಿಯನ್ನು ಕುಡುಕಿಯೆಂದೇ, ಬಸುರಾದ ಮನೆಗೆಲಸದವಳನ್ನು ಬಸುರಿಯೆಂದೇ ಬರೆದದ್ದಕ್ಕೆ ಅಲ್ಲಿಯ ಬಾಡಿಗೆ ಪುಸ್ತಕಾಲಯಗಳು ಅವನನ್ನು ಹೊರಗಿಟ್ಟವು. ಅವನೂ ಬಿಡಲಿಲ್ಲ, ಜಗಳಕ್ಕೇ ನಿಂತ.

ಆ ಮನೆಗೆಲಸದವಳ ಕಾದಂಬರಿಯನ್ನು ನಾನು ಕನ್ನಡಕ್ಕೆ ತರಲು ಹೊರಟೆ. ಯಜಮಾನರು ದೂರದ ಇಬ್ರಿ ಎಂಬ ಊರಿನಲ್ಲಿ ಕೆಲಸದಲ್ಲಿದ್ದರು, ವಾರಕ್ಕೊಮ್ಮೆ ಬರುತ್ತಿದ್ದರು. ಸಂಜೆ ಮನೆಯಲ್ಲಿ ಒಬ್ಬಳೇ. ಹಗಲೆಲ್ಲ ಜನರನ್ನು ಕಳಿಸುವ ಕಾಗದ ಬರೆದ ಕೈಯಿಂದ ಸಂಜೆ ಬೇರೇನಾದರೂ ಬರೆಸದಿದ್ದರೆ ನನಗೆ ತಲೆ ಕೆಡುತ್ತಿತ್ತು, ಅಷ್ಟೇ.

ಅದನ್ನು ಓದಲು ಸಿಕ್ಕವರು ದಿನಕರಣ್ಣ. ಪಡುಬಿದ್ರಿ ಕಡೆಯವರು, ನಮ್ಮ ಕಂಪನಿಯ ಹಿರಿಯ ಡ್ರಾಫ್ಟ್ಸ್‌ಮನ್. ಇಪ್ಪತ್ತೆರಡು ವರ್ಷ ಅದೇ ಮಹಡಿಯಲ್ಲಿ ಕೂತು ಪೈಪು, ಗೋಡೆ, ಚರಂಡಿಗಳ ನಕ್ಷೆ ಬರೆದವರು. ಊಟದ ಹೊತ್ತಿನಲ್ಲಿ ಅವರ ಮೇಜಿನ ಮೇಲೆ ಡಬ್ಬಿ ಬಿಚ್ಚಿಕೊಂಡು ಕೂರುತ್ತಿದ್ದೆವು. ಅವರದು ಕುಚ್ಚಲಕ್ಕಿ ಅನ್ನ, ನನ್ನದು ಚಪಾತಿ. ನಾನು ಬರೆದು ತಂದದ್ದನ್ನು ಅವರು ಕೆಂಪು ಪೆನ್ಸಿಲ್ ಹಿಡಿದು ಓದುವರು. ನಕ್ಷೆಯಲ್ಲಿ ಬದಲಾಗಬೇಕಾದ ಭಾಗದ ಸುತ್ತ ಮೋಡದ ಆಕಾರದ ಗೆರೆ ಎಳೆಯುವುದು ಅವರ ಕಸುಬಿನ ರೂಢಿ. ನನ್ನ ವಾಕ್ಯಗಳ ಸುತ್ತಲೂ ಹಾಗೆಯೇ ಮೋಡ ಎಳೆಯುವರು.

"ಅವ ಒಂದೇ ಪುಸ್ತಕವನ್ನು ಮತ್ತೆ ಮತ್ತೆ ತಿದ್ದಿ ಬರೀತಿದ್ದ ಅಂದ್ರಲ್ಲ, ನೀವು ಮಾಡ್ತಿರುವುದು ಯಾವ ರಿವಿಷನ್ ಮೇಡಂ?" ಎಂದು ಒಮ್ಮೆ ಕೇಳಿದರು.

"ನನ್ನ ಹತ್ತಿರ ಇರೋದು ಹಳೇದು."

"ಹಳೇದೇ ಒಳ್ಳೇದು. ಕ್ಲೈಂಟಿಗೆ ಹೆದರಿ ಮಾಡಿದ ರಿವಿಷನ್ ಎಲ್ಲ ಹಾಳು. ನಾನು ನೋಡಿದ್ದೇನಲ್ಲ."

ಸಾಹಿತ್ಯ ವಿಮರ್ಶೆ ಓದಿದವರಲ್ಲ ಅವರು. ಆದರೂ ನನ್ನ ಗೈಡಿಗಿಂತ ಚೆನ್ನಾಗಿ ಓದುತ್ತಿದ್ದರು ಎಂದು ಈಗ ಅನ್ನಿಸುತ್ತದೆ.

ಕಾದಂಬರಿಯಲ್ಲಿ ಆ ಹುಡುಗಿ ಅದೇ ಮನೆಯ ಆಳೊಬ್ಬನಿಂದ ಬಸುರಾಗುತ್ತಾಳೆ, ಯಜಮಾನಿ ಅವಳನ್ನು ಕೆಲಸದಿಂದ ತೆಗೆಯುತ್ತಾಳೆ. ಆ ಅಧ್ಯಾಯ ಕೊಟ್ಟ ದಿನ ದಿನಕರಣ್ಣ ಊಟ ಮುಗಿಸಿ, ಕೈ ತೊಳೆದು ಬಂದು, ಒಂದು ವಾಕ್ಯದ ಸುತ್ತ ದೊಡ್ಡ ಮೋಡ ಎಳೆದರು.

"ಯಜಮಾನಿ ಇವಳನ್ನು ತೆಗೆದದ್ದೇ ಶೀಲ ಹೋಯ್ತು ಅಂತ ಅಲ್ವಾ?"

"ಹೌದು."

"ಮತ್ತೆ ಹೊರಡುವಾಗ 'ನಿನಗೆ ಶೀಲವನ್ನು ಕೊಡುತ್ತೇನೆ' ಅಂತ ಬರ್ದಿದ್ದೀರಿ. ಶೀಲ ಕೊಡ್ಲಿಕ್ಕೆ ಅವಳ ಕೈಯಲ್ಲಿ ಎಲ್ಲಿ ಉಂಟು ಮಾರಾಯ್ರೆ?"

"ಅದೊಂಥರಾ ಆಶೀರ್ವಾದ ದಿನಕರಣ್ಣ. ಇನ್ನಾದರೂ ನೆಟ್ಟಗಿರು ಅಂತ."

"ಇಂಗ್ಲಿಷಲ್ಲಿ ಎಂತ ಉಂಟು?"

"ಕ್ಯಾರೆಕ್ಟರ್."

ಅವರು ನನ್ನ ಪುಸ್ತಕ ಎಳೆದುಕೊಂಡು ಹಿಂದೆ ಮುಂದೆ ತಿರುವಿದರು. ಅವರಿಗೆ ಇಂಗ್ಲಿಷ್ ಕಾದಂಬರಿಯೆಂದರೆ ಅಷ್ಟಕ್ಕಷ್ಟೆ, ಆದರೆ ಒಂದು ಪದವನ್ನು ಬೇರೆ ಬೇರೆ ಪುಟಗಳಲ್ಲಿ ಹುಡುಕಿ ತಾಳೆ ನೋಡುವುದು ಚೆನ್ನಾಗಿ ಬರುತ್ತಿತ್ತು. ಅದೇ ಅವರ ಕೆಲಸವಲ್ಲವೆ? ಐದು ನಿಮಿಷವಾದ ಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಇದು ಕಾಗದ ಮೇಡಂ. ಬೇರೆ ಮನೆಗೆ ಕೆಲಸಕ್ಕೆ ಹೋದ್ರೆ, ಹಳೇ ಮನೆಯ ಕಾಗದ ಎಲ್ಲಿ ಅಂತ ಕೇಳ್ತಾರೆ ನೋಡಿ. ಅದಿಲ್ಲದಿದ್ರೆ ಬಾಗಿಲು ಹಾಕ್ತಾರೆ. ಅವಳ ಕಫೀಲ್ ಕೊಡುವ ಎನ್‌ಒಸಿ ಇದು."

ಕಫೀಲ್ ಎಂದರೆ ಗಲ್ಫಿನಲ್ಲಿ ನಮ್ಮ ವೀಸಾ ಯಾರ ಕೈಯಲ್ಲಿರುತ್ತದೋ ಆ ಧಣಿ. ಮನೆಗೆ ಹೋಗಿ ದೊಡ್ಡ ನಿಘಂಟು ತೆಗೆದೆ. ಹಲವು ಅರ್ಥಗಳ ಕೆಳಗೆ ಅದೂ ಇತ್ತು: ಹಳೆಯ ಯಜಮಾನರು ಸೇವಕರಿಗೆ ಬರೆದುಕೊಡುವ ನಡತೆಯ ಪತ್ರ. ಆರು ವರ್ಷ ಅವನನ್ನು ಓದಿದ ನನಗೆ ಆ ಹುಡುಗಿಯ ಶೀಲದ ಚಿಂತೆಯೇ ಹತ್ತಿತ್ತು, ಅವಳ ಕೈಯಲ್ಲಿದ್ದ ಕಾಗದ ಕಂಡಿರಲಿಲ್ಲ. ಮೈಸೂರಿನಲ್ಲಿ ಬೆಳೆದವಳಿಗೆ ಹೆಣ್ಣು, ಬಸುರು, ಕ್ಯಾರೆಕ್ಟರ್ ಎಂದರೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ? ಇಪ್ಪತ್ತೆರಡು ವರ್ಷ ಇನ್ನೊಬ್ಬರ ಸಹಿಯ ಕೆಳಗೆ ಬದುಕಿದವರಿಗೆ ಅದು ಒಂದು ಊಟದ ಹೊತ್ತಿನಲ್ಲಿ ಕಂಡಿತು. ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಖುಷಿಯಾಯಿತು. ಆ ವರ್ಷದಲ್ಲಿ ನಾನು ಖುಷಿಪಟ್ಟ ದಿನ ಬಹುಶಃ ಅದೊಂದೇ.

ಅಕ್ಟೋಬರಿನಲ್ಲಿ ಡ್ರಾಯಿಂಗ್ ವಿಭಾಗವನ್ನೇ ಮುಚ್ಚುವುದೆಂದಾಯಿತು. ಪಟ್ಟಿ ಮೊದಲು ನನ್ನ ಮೇಜಿಗೆ ಬಂತು. ದಿನಕರಣ್ಣನ ಹೆಸರು ನಾಲ್ಕನೆಯದು. ಲೆಟರುಗಳನ್ನು ಅಲ್ಲಿ ವಾರದ ಕೆಲಸ ಶುರುವಾಗುವ ಭಾನುವಾರ ಕೊಡಬೇಕು, ಅಲ್ಲಿಯವರೆಗೆ ಬಾಯಿ ಬಿಡಬಾರದೆಂದು ಆದೇಶ. ಮೂರು ದಿನ ಅವರ ಮೇಜಿನಲ್ಲೇ ಊಟ ಮಾಡಿದೆ. ಐರ್ಲೆಂಡಿನವನು ಚಿತ್ರಗಳ ಬಗ್ಗೆ ಬರೆದದ್ದನ್ನು ಹೇಳಿಸಿಕೊಂಡರು. "ತನಗೆ ಚಿತ್ರ ಬರೀಲಿಕ್ಕೆ ಆಗ್ಲಿಲ್ಲಲ್ಲ, ಅದಕ್ಕೇ ಬೇರೆಯವರದ್ದನ್ನು ಅಷ್ಟು ಸರಿಯಾಗಿ ನೋಡ್ತಾನೆ" ಎಂದು ನಕ್ಕರು. ನಾನು ಅರ್ಧ ಚಪಾತಿ ಉಳಿಸಿ ಡಬ್ಬಿ ಮುಚ್ಚಿದೆ.

ಭಾನುವಾರ ಲೆಟರು ಓದಿದ ಮೇಲೆ ಅವರು ನನ್ನ ಕ್ಯಾಬಿನ್ನಿಗೆ ಬಂದರು. ಬೈಯಲಿಲ್ಲ. "ನಿಮಗೆ ಗೊತ್ತಿತ್ತು ಅಲ್ವಾ?" ಎಂದೂ ಕೇಳಲಿಲ್ಲ.

"ಮೇಡಂ, ಸೊಹಾರಿನಲ್ಲಿ ಒಂದು ಕಂಪನಿಯವರು ತಕೊಳ್ತಾರೆ ನನ್ನನ್ನು. ಮಾತಾಡಿ ಆಗಿದೆ. ಎನ್‌ಒಸಿ ಒಂದು ಆಗ್ಬೇಕು. ಮಗಳು ಧನ್ಯಾ ಈ ಸಲ ಹನ್ನೆರಡನೇ ಕ್ಲಾಸು, ಮಾರ್ಚಿಗೆ ಪರೀಕ್ಷೆ. ನನ್ನ ವೀಸಾ ಹೋದ್ರೆ ಅವಳದ್ದು, ಅವಳ ಅಮ್ಮಂದು ಎಲ್ಲ ಖಲಾಸ್."

"ಅಯ್ಯೋ, ಅದಕ್ಯಾಕೆ ಯೋಚನೆ ಮಾಡ್ತೀರಿ, ನಾನೇ ಬರೀತೀನಿ" ಎಂದೆ.

ಎಲ್ಲರಿಗೂ ಬರೆಯುವ ಎರಡು ಸಾಲಿನ ನಮೂನೆ ಕಂಪ್ಯೂಟರಿನಲ್ಲಿತ್ತು. ಹೆಸರು, ಪಾಸ್‌ಪೋರ್ಟ್ ನಂಬರು ಹಾಕಿದರೆ ಮುಗಿಯಿತು. ನಾನು ಅದನ್ನು ತೆರೆದೆ, ಯಾಕೋ ಮನಸ್ಸು ಒಪ್ಪಲಿಲ್ಲ. ಇಪ್ಪತ್ತೆರಡು ವರ್ಷ ದುಡಿದವರಿಗೆ ಎರಡು ಸಾಲೆ? ನನಗೆ ಕ್ಯಾರೆಕ್ಟರ್ ಎಂಬ ಪದ ಕಲಿಸಿದವರಿಗೆ? ಮೂರು ದಿನ ಸುಮ್ಮನಿದ್ದ ಪಾಪವನ್ನೂ ಅದರಲ್ಲೇ ತೊಳೆದುಕೊಳ್ಳುವ ಆಸೆ ಇತ್ತೆಂದು ಈಗ ಗೊತ್ತಾಗುತ್ತದೆ. ಲೆಟರ್‌ಹೆಡ್ಡಿನ ತುಂಬ ಬರೆದೆ. ಕಂಪನಿಯ ಒಂದೊಂದು ಕಾಮಗಾರಿಯೂ ಇವರಿಗೆ ಬಾಯಿಪಾಠ, ಸೊಹಾರಿನ ಬಂದರಿನ ಕೆಲಸ ಇವರ ಕೈಯಿಂದಲೇ ಆದದ್ದು, ಇವರ ಜಾಗವನ್ನು ತುಂಬಬಲ್ಲವರು ನಮ್ಮಲ್ಲಿ ಇನ್ನೊಬ್ಬರಿಲ್ಲ. ಕೊನೆಗೆ, ನಮ್ಮ ಅಭ್ಯಂತರವಿಲ್ಲ. ನನ್ನ ಇಂಗ್ಲಿಷನ್ನು ನಾನೇ ಮೆಚ್ಚಿಕೊಂಡೆ. ಹಳೆಯ ಕಾಲದ ಯಜಮಾನಿಯ ಗತ್ತಿನಲ್ಲಿ ಒಂದು ಅಸಲಿ ಕ್ಯಾರೆಕ್ಟರ್ ಬರೆದೆನೆಂದು ಹಿಗ್ಗಿದೆ.

ನಮ್ಮ ಜನರಲ್ ಮ್ಯಾನೇಜರ್ ಸಹಿಯ ಫೋಲ್ಡರನ್ನು ಓದುವವರೇ ಅಲ್ಲ. ಫೋನಿನಲ್ಲಿ ಮಾತಾಡುತ್ತ ಪುಟ ತಿರುವಿ ಗೀಚುತ್ತ ಹೋಗುವರು. ಅವತ್ತೂ ಹಾಗೇ ಗೀಚುತ್ತಿದ್ದರು. ನನ್ನ ಕಾಗದ ಬಂದಾಗ ಕೈ ನಿಂತಿತು. ಎರಡು ಸಾಲಿರಬೇಕಾದ ಕಡೆ ಪುಟ ತುಂಬಿದ್ದರೆ ಯಾರ ಕಣ್ಣಿಗೂ ಬೀಳುತ್ತದೆ. ಫೋನು ಕೆಳಗಿಟ್ಟು ಪೂರ್ತಿ ಓದಿದರು.

"ಈ ಮನುಷ್ಯ ಎಲ್ಲಿಗೆ ಹೋಗುತ್ತಿದ್ದಾನೆ?" ಎಂದು ಇಂಗ್ಲಿಷಿನಲ್ಲಿ ಕೇಳಿದರು.

"ಸೊಹಾರಿಗೆ, ಸರ್."

"ನಮ್ಮ ಬಂದರಿನ ನಕ್ಷೆಗಳೆಲ್ಲ ಬಾಯಿಪಾಠ ಇರುವವನು ಸೊಹಾರಿನಲ್ಲಿ ನಮ್ಮ ಎದುರಾಳಿಯ ಹತ್ತಿರ ಹೋಗಿ ಕೂರುತ್ತಾನೆ. ಅದಕ್ಕೆ ನಾನು ಸಹಿ ಹಾಕಬೇಕು?"

"ಸರ್, ಅದು ಸುಮ್ಮನೆ... ಮರ್ಯಾದೆಗೆ ಅಂತ ಸ್ವಲ್ಪ ಹೆಚ್ಚಾಗಿ ಬರೆದದ್ದು."

"ಹಾಗಾದರೆ ಕಂಪನಿಯ ಲೆಟರ್‌ಹೆಡ್ಡಿನ ಮೇಲೆ ಸುಳ್ಳು ಬರೆದಿದ್ದೀರಾ?"

ಅವರು ಆ ಒಂದು ಹಾಳೆಯನ್ನು ತೆಗೆದು ಪಕ್ಕಕ್ಕಿಟ್ಟು, ಉಳಿದವಕ್ಕೆಲ್ಲ ಸಹಿ ಹಾಕಿದರು. ಅವತ್ತಿನ ಫೋಲ್ಡರಿನಲ್ಲಿ ಇನ್ನೂ ಮೂವರು ಡ್ರಾಫ್ಟ್ಸ್‌ಮನ್ನರ ಎನ್‌ಒಸಿ ಇತ್ತು. ಎರಡೆರಡು ಸಾಲಿನವು. ಮೂವರಿಗೂ ಸಿಕ್ಕಿತು.

ಕಂಪನಿಯ ಸರ್ಕಾರಿ ಕಚೇರಿ ಕೆಲಸವನ್ನೆಲ್ಲ ನೋಡಿಕೊಳ್ಳುತ್ತಿದ್ದ ಒಮಾನಿ ಸಾಲಿಂ, ಸಹಿಯಾದ ಕಾಗದ ಒಯ್ಯಲು ಬಂದವನು, ಬಾಗಿಲಲ್ಲೇ ನಿಂತು ಎಲ್ಲ ಕೇಳಿಸಿಕೊಂಡಿದ್ದ. ಒಳ್ಳೆಯ ಮನುಷ್ಯ. ಉಳಿದವುಗಳ ಜೊತೆ ಆ ಹಾಳೆಯನ್ನೂ ಎತ್ತಿಕೊಂಡು ಹೊರಗೆ ಬಂದ ಮೇಲೆ ತನ್ನ ಹಿಂದಿಯಲ್ಲಿ ಮೆಲ್ಲಗೆ ಹೇಳಿದ, "ಮೇಡಂ, ಇತ್ನಾ ಕ್ಯೂಂ ಲಿಖಾ? ಎನ್‌ಒಸಿ ಮೇ ಆದ್ಮಿ ನಹಿ ಹೋತಾ." ಇಷ್ಟೆಲ್ಲ ಯಾಕೆ ಬರೆದಿರಿ, ಎನ್‌ಒಸಿಯ ಒಳಗೆ ಮನುಷ್ಯ ಇರಬಾರದು. ಅದು ನಿಜ. ಒಳಗೆ ಮನುಷ್ಯನಿದ್ದರೆ ಬಿಟ್ಟುಕೊಡಲು ಯಾರಿಗೆ ಮನಸ್ಸು ಬರುತ್ತದೆ?

ಇದ್ದದ್ದನ್ನು ಇದ್ದಂತೆ ಬರೆಯುವವನ ಬಗ್ಗೆ ಆರು ವರ್ಷ ಓದಿದ್ದೆ. ಅವನು ಆ ಮನೆಗೆಲಸದವಳನ್ನು ಎಲ್ಲೂ ಹೊಗಳುವುದಿಲ್ಲ. ಅವಳು ಪಾತ್ರೆ ತೊಳೆದದ್ದು, ಹೆತ್ತದ್ದು, ಮತ್ತೆ ಕೆಲಸ ಹುಡುಕಿದ್ದು, ಅಷ್ಟನ್ನೇ ಹೇಳುತ್ತ ಹೋಗುತ್ತಾನೆ. ನನ್ನ ಕೈಗೆ ಒಬ್ಬ ನಿಜವಾದ ಮನುಷ್ಯನ ಬದುಕು ಬಂದಾಗ ನಾನು ಅಲಂಕಾರ ಮಾಡಿದೆ.

ದಿನಕರಣ್ಣನಿಗೆ ನಾನು ಹೇಳಿದ್ದು ಇಷ್ಟೇ: "ಜಿಎಂ ಒಪ್ಪಲಿಲ್ಲ." ಕಾರಣ ಹೇಳಲಿಲ್ಲ. ಇನ್ನೆರಡು ಸಲ ಚಿಕ್ಕದಾಗಿ ಬರೆದು ಫೋಲ್ಡರಿನಲ್ಲಿಟ್ಟೆ, ಆ ಹೆಸರು ಈಗ ಜಿಎಂಗೆ ನೆನಪಿತ್ತು, ಎರಡು ಸಲವೂ ಹಾಳೆ ಹಿಂದೆ ಬಂತು. ದಿನಕರಣ್ಣನೇ ಖುದ್ದಾಗಿ ಜಿಎಂ ಹತ್ತಿರ ಹೋಗಿ ಕೇಳಿದರು, ಹೊರಗೆ ಬಂದಾಗ ಮುಖ ಸಣ್ಣದಾಗಿತ್ತು. "ಇರಲಿ ಮೇಡಂ, ನೀವು ಮಾಡುವಷ್ಟು ಮಾಡಿದ್ದೀರಿ" ಎಂದರು. ಆ ಮಾತಿಗೆ ನಾನು ತಲೆಯಾಡಿಸಿದೆ. ಅದನ್ನು ನೆನೆದರೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟು ಬರುತ್ತದೆ.

ಡಿಸೆಂಬರಿನಲ್ಲಿ ದಿನಕರಣ್ಣ, ಅವರ ಹೆಂಡತಿ, ಮಗಳು ಮೂವರೂ ಊರಿಗೆ ಹೋದರು. ಫೆಬ್ರವರಿ ಕೊನೆಗೆ ಧನ್ಯಾ ಒಬ್ಬಳೇ ವಿಸಿಟ್ ವೀಸಾದಲ್ಲಿ ವಾಪಸ್ ಬಂದಳು, ಹೆಸರು ನೋಂದಾಯಿಸಿದ್ದ ಮಸ್ಕತ್ತಿನ ಶಾಲೆಯಲ್ಲೇ ಪರೀಕ್ಷೆ ಬರೆಯಲು. ಉಳಿದುಕೊಂಡದ್ದು ನಮ್ಮ ಮನೆಯಲ್ಲಿ. ಅದನ್ನು ನಾನೇ ಹೇಳಿ ಒಪ್ಪಿಸಿದ್ದೆ. ದಿನಕರಣ್ಣ ಬಹಳ ಸಂಕೋಚಪಟ್ಟುಕೊಂಡಿದ್ದರು.

ಐದು ವಾರ ಇದ್ದಳು. ಮಾತು ಕಡಿಮೆ. ನಾನು ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ. ಎರಡು ತಿಂಗಳು ಊರಿನಲ್ಲಿ ಕೂತು ಓದಿದ್ದು ಸಾಕಾಗಿರಲಿಲ್ಲ, ಲೆಕ್ಕದ ಪರೀಕ್ಷೆಯ ದಿನ ಬಂದು ಬ್ಯಾಗು ಎಸೆದು ಬಾತ್‌ರೂಮಿನ ಬಾಗಿಲು ಹಾಕಿಕೊಂಡಳು. ನಲ್ಲಿ ಬಹಳ ಹೊತ್ತು ಸುರಿಯುತ್ತಿತ್ತು. ನಾನು ಹೊರಗೆ ಟವೆಲ್ ಹಿಡಿದು ನಿಂತಿದ್ದೆ. ಒಂದು ಸಹಿ ಬಿದ್ದಿದ್ದರೆ ಈ ಹುಡುಗಿ ತನ್ನ ಮನೆಯಲ್ಲಿ, ತನ್ನ ಅಮ್ಮನ ಕೈ ಅಡುಗೆ ಉಂಡು ಪರೀಕ್ಷೆ ಬರೆಯುತ್ತಿದ್ದಳು. ಹೇಳಿಬಿಡಬೇಕೆಂದು ದಿನಾ ಅಂದುಕೊಳ್ಳುವೆ, ಪರೀಕ್ಷೆ ಮುಗಿಯಲಿ ಎಂದು ದಿನಾ ಮುಂದೂಡುವೆ. ಅನುವಾದದ ಹಾಳೆಗಳನ್ನು ಕಪಾಟಿನ ಮೇಲೆ ಎತ್ತಿಟ್ಟಿದ್ದೆ, ಒಂದು ದಿನವೂ ತೆಗೆಯಲಿಲ್ಲ.

ಕೊನೆಯ ಪರೀಕ್ಷೆಯ ಮರುದಿನ ಬೆಳಿಗ್ಗೆ ಅವಳು ಸೂಟ್‌ಕೇಸು ತುಂಬುತ್ತಿದ್ದಳು. ನಾನು ತಿಂಡಿಗೆ ಕರೆಯಲು ಹೋದಾಗ ಒಂದು ಹಾಳೆ ತಂದು ಮುಂದೆ ಹಿಡಿದಳು. ಮಂಗಳೂರಿನ ಯಾವುದೋ ಕಾಲೇಜಿನ ಹಾಸ್ಟೆಲ್ ಅರ್ಜಿ. ಸಂಬಂಧಿಕರಲ್ಲದ, ಹುಡುಗಿಯನ್ನು ಬಲ್ಲ ಇಬ್ಬರಿಂದ ಕ್ಯಾರೆಕ್ಟರ್ ಸರ್ಟಿಫಿಕೇಟ್ ಬೇಕಂತೆ. ಒಂದು ಪ್ರಿನ್ಸಿಪಾಲರಿಂದ ಆಗಿತ್ತು.

"ಆಂಟಿ, ಕೆನ್ ಯು ರೈಟ್ ದಿ ಅದರ್ ಒನ್?"

"ನಾನಾ? ನನ್ನ ಹತ್ತಿರ ಬರೆಸು ಅಂತ ಅಪ್ಪ ಹೇಳಿದ್ರಾ?"

"ಹೂಂ" ಎಂದಳು. ಬಟ್ಟೆ ಮಡಚುತ್ತಲೇ, ತಲೆ ಎತ್ತದೆ, ಮೊದಲ ಸಲ ಕನ್ನಡದಲ್ಲಿ ಮುಂದುವರಿಸಿದಳು. "ನಿಮ್ಮ ಹತ್ರವೇ ಬರೆಸಬೇಕಂತೆ. ಮತ್ತೆ... ಜಾಸ್ತಿ ಒಳ್ಳೇದು ಬರೀಲಿಕ್ಕೆ ಹೋಗ್ಬೇಡಿ ಅಂತ ಹೇಳ್ಲಿಕ್ಕೆ ಹೇಳಿದ್ದಾರೆ. ಸಾಲಿಂ ಅಂಕಲ್ ಅವತ್ತೇ ಪಪ್ಪಂಗೆ ಆ ಲೆಟರ್ ತೋರಿಸಿದ್ರು."

ಅವತ್ತೇ. ಎಂದರೆ 'ಮಾಡುವಷ್ಟು ಮಾಡಿದ್ದೀರಿ' ಎಂದಾಗ ಅವರಿಗೆ ಎಲ್ಲ ಗೊತ್ತಿತ್ತು. ಮಗಳನ್ನು ನನ್ನ ಮನೆಗೆ ಕಳಿಸಿದಾಗಲೂ ಗೊತ್ತಿತ್ತು. ನಾನು ಊಟದ ಮೇಜಿನ ಹತ್ತಿರ ಹೋಗಿ ಕುಳಿತೆ. ಇವಳನ್ನು ಐದು ವರ್ಷದಿಂದ ಬಲ್ಲೆ ಎಂದು ಬರೆದೆ. ನಡತೆ ಒಳ್ಳೆಯದು ಎಂದು ಬರೆದೆ. ಪೆನ್ನು ಇನ್ನೂ ಹಾಳೆಯ ಮೇಲೇ ಇತ್ತು, ಬರೆಯುವುದು ಬೇಕಾದಷ್ಟಿತ್ತು. ಕೆಳಗೆ ಸಹಿ ಹಾಕಿ ಕೊಟ್ಟೆ. ಅವಳು ಒಮ್ಮೆ ಓದಿ, ಸಾಕು ಆಂಟಿ ಎಂದು ಫೈಲಿನೊಳಗೆ ಇಟ್ಟುಕೊಂಡಳು.